ಚೈನ್ ಕವರಿನ ಮೇಲಿನ ಹೆಸರು

ಕೊನೆಯ ರೊಟ್ಟಿ ತಟ್ಟುತ್ತಿದ್ದ ಶೇಖವ್ವ ನೀರಿಗೆಂದು ಬಚ್ಚಲಿಗೆ ಹೋದರೆ, ಹಿಂದೆ ತಾನು ಶಾಲೆಗೆ ಹೋಗಲು ಅಪ್ಪ ಕೊಡಿಸಿದ್ದ, ಈಗ ರಿಪೇರಿಗೆಂದು ಬಿಚ್ಚಿಟ್ಟಿದ್ದ ಸೈಕಲ್ಲಿನ ಚೈನ್ ಕವರ್ ಹುಣಸೆ ನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು. ಗಂಡ ಕುಬೇರಪ್ಪ ಆಗಲೇ ಹೊರಗೆ ಹೋಗಿದ್ದ. ಅವಳು ಕೈ ತೊಳೆದು, ಕ್ಯಾಲೆಂಡರಿನ ಹಾಳೆ ಹರಿದು ಬರೆದಳು:

“ರೀ, ತುಕ್ಕು ತೆಗೀರಿ ಅಂದಿದ್ದೆ, ಬಣ್ಣ ತೆಗೀರಿ ಅಂದಿದ್ದಿಲ್ಲ. ಅದೇನು ದೇವರ ತಾಮ್ರದ ತಂಬಿಗಿ ಏನ್ರಿ, ಹುಣಸಿ ನೀರಾಗ ನೆನಸಾಕ? ಅಪ್ಪ ಬರೆಸಿದ್ದ ‘ವಿದ್ಯಾಶ್ರೀ’ಯೊಳಗ ‘ವಿದ್ಯಾ’ ಎದ್ದು ಹೋಗೇತಿ. ಲಗ್ನದಾಗ ಅಕ್ಕಿ ಮ್ಯಾಲೆ ‘ಶೇಖವ್ವ’ ಅಂತ ನಿಮ್ಮ ಅಜ್ಜಿ ಹೆಸರು ಬರೆದು ನನಗಿಟ್ರಿ, ಸುಮ್ಮನಿದ್ದೆ. ನನ್ನ ಹೆಸರು ಉಳಿದಿದ್ದು ಆ ತಗಡಿನ ಮ್ಯಾಲೆ ಅಷ್ಟ.

ಉಳಿದ ಸಾಮಾನಿಗೆ ಕೊಬ್ರಿ ಎಣ್ಣಿ ಹಚ್ಚಿ ಬಿಡ್ರಿ. ಸಂಜಿಕೆ ಮಗ್ಗದ ಹಾಳು ನೂಲಿನಿಂದ ಮೆಲ್ಲಕ ಒರಸ್ರಿ. ಉಸುಕಿನ ಕಾಗದ ಮುಟ್ಟಬ್ಯಾಡ್ರಿ. ‘ಪೇಂಟರ್ ಕಡೆ ಹೊಸಾ ಬಣ್ಣ ಹೊಡಸ್ತೀನಿ’ ಅಂದ್ರ, ಊಟಾನೂ ಅವನ ಮನ್ಯಾಗ ಮಾಡ್ರಿ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯಾ ಬಿಸಿ ಮಾಡ್ಕೋರಿ.”

ಚೀಟಿಯನ್ನು ಬುಟ್ಟಿಯ ಕೆಳಗಿಟ್ಟು, ಚೈನ್ ಕವರನ್ನು ಒರೆಸಿ, ಮಗ್ಗದ ಮನೆಗೆ ಒಯ್ಯುವ ಚೀಲಕ್ಕೆ ಹಾಕಿಕೊಂಡಳು. ಸೈಕಲ್ ಜೋಡಣೆಯಾದ ದಿನದಿಂದ ಅವನ ಬೈಕಿನ ಹಿಂದೆ ಕೂರುವುದಿಲ್ಲ, ಬೆಟಗೇರಿಯ ಆ ಮಗ್ಗದ ಮನೆಗೆ ತಾನೇ ತುಳಿದುಕೊಂಡು ಹೋಗುವುದು ಎಂದು ನಿಶ್ಚಯಿಸಿದಳು. ಅದನ್ನು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ.