ನಿಮ್ಮ ಹೆಸರಿನಲ್ಲಿದ್ದ ರಜೆ

ನಮ್ಮನೆಯವರಿಗೆ,

ಪ್ರತಿ ವರ್ಷ ನೀವು ಕೆಲಸದ ಕಡೆಯಿಂದ ತಂದುಕೊಡುತ್ತಿದ್ದ ಡೈರಿ ಈ ಸಲ ಬರಲಿಲ್ಲ. ಹಳೆಯದರ ಕೊನೆಯಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಾಲು ಬರೆಯುವವಳು ಇವತ್ತು ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನೊಂದು ತಪ್ಪು ಮಾಡಿದ್ದೆ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ.

ರಜಾ ಕ್ಲಬ್ಬಿನ ವಿಷಯ. ಇಸ್ತ್ರಿಪೆಟ್ಟಿಗೆ ಪುಕ್ಕಟೆ ಕೊಡುತ್ತಾರೆಂದು ಆ ಹೋಟೆಲಿಗೆ ಹೋಗಿ, ಮೂರು ಗಂಟೆ ಅವರ ಭಾಷಣ ಕೇಳಿ, ಇಪ್ಪತ್ತು ವರ್ಷದ ರಜೆಯನ್ನೇ ಕೊಂಡುಕೊಂಡು ಬಂದವರು ನೀವು. ಇಸ್ತ್ರಿಪೆಟ್ಟಿಗೆ ಎರಡು ತಿಂಗಳಿಗೆ ಕೆಟ್ಟಿತು. "ಟೈಲರ್ ಮನೇಲಿ ಇಸ್ತ್ರಿಪೆಟ್ಟಿಗೆಗೆ ಬರ ಬಂದಿತ್ತಾ?" ಎಂದು ನಾನು ಹಂಗಿಸಿದ್ದೆ. "ಇರ್ಲಿ ಬಿಡು ಟೇಪಮ್ಮ, ವರ್ಷಕ್ಕೊಂದು ವಾರ ಆದ್ರೂ ನಿನ್ನ ಕುತ್ತಿಗೆಯಿಂದ ಆ ಟೇಪು ಇಳೀಲಿ" ಎಂದಿರಿ. ಇಳಿಯಿತು. ಒಂಬತ್ತು ವರ್ಷ, ವರ್ಷಕ್ಕೊಂದು ವಾರ, ಕೆರೆ ಕಡೆಯ ಅದೇ ಕೋಣೆ. ಲಿಫ್ಟ್ ರಿಪೇರಿಯವರು ರಜೆಯಲ್ಲೂ ಸುಮ್ಮನೆ ಕೂರುವುದಿಲ್ಲವೆಂದು ನನಗೆ ಗೊತ್ತಾದದ್ದು ಅಲ್ಲಿಯೇ. ಹೋದ ಮೊದಲ ದಿನವೇ ಬಾಲ್ಕನಿ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದಿರಿ.

ಈ ವರ್ಷವೂ ನಿಮ್ಮ ಖಾತೆಗೆ ಕ್ಲಬ್ಬಿನವರು ಕೋಣೆ ಕಾದಿರಿಸುವ ಪಾಯಿಂಟ್ಸ್ ಹಾಕಿದರು. ವರ್ಷದ ಕೊನೆಯೊಳಗೆ ಬಳಸದಿದ್ದರೆ ಅವು ಹೋಗಿಬಿಡುತ್ತವೆ. ನನಗೆ ಒಬ್ಬಳೇ ಹೋಗಲು ಕಾಲು ಬರಲಿಲ್ಲ. ನಿಮ್ಮ ತಂಗಿ ಬಂದವಳು, "ಅತ್ತಿಗೆ, ಹಾಳು ಮಾಡ್ಬೇಡಿ. ಯಾರಿಗಾದ್ರೂ ಬಾಡಿಗೆಗೆ ಕೊಡಿ. ಅಣ್ಣ ಇದ್ದಿದ್ರೆ ಅದನ್ನೇ ಹೇಳ್ತಿದ್ದ" ಎಂದಳು. ಕ್ಲಬ್ಬಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ. ಅವಳೇ ಮೊಬೈಲಿನಲ್ಲಿ ಜಾಹೀರಾತು ಹಾಕುವುದು ತೋರಿಸಿಕೊಟ್ಟು ಹೋದಳು.

ತಪ್ಪು ಆದದ್ದು ಅವಳು ಹೋದ ಮೇಲೆ. ಜಾಹೀರಾತಿಗೆ ನನ್ನ ಹೆಸರು ಹಾಕಬಹುದಿತ್ತು, ನಿಮ್ಮದು ಹಾಕಿದೆ. ನಿಮ್ಮ ಮೊಬೈಲ್ ನಂಬರ್ ಕೊಟ್ಟೆ. ನಂಬಿಕೆ ಬರಲೆಂದು ಸದಸ್ಯತ್ವದ ಕಾರ್ಡಿನ ಫೋಟೊವನ್ನೂ ಅಂಟಿಸಿದೆ. ನೀವು ತೀರಿಕೊಂಡದ್ದನ್ನು ಕ್ಲಬ್ಬಿಗೆ ನಾನು ಇನ್ನೂ ತಿಳಿಸಿರಲೇ ಇಲ್ಲ. ಬ್ಯಾಂಕು, ಗ್ಯಾಸು, ರೇಷನ್ನು ಎಲ್ಲ ಕಡೆ ನಿಮ್ಮ ಹೆಸರು ಹೊಡೆದುಹಾಕಿದ್ದರು. ಇದೊಂದು ಕಡೆ ಇರಲಿ ಅನಿಸಿತ್ತು. ಮತ್ತೆ, ಎಂಟು ತಿಂಗಳಿಂದ ದಿನವೂ ಚಾರ್ಜ್ ಮಾಡಿಡುತ್ತಿದ್ದ ನಿಮ್ಮ ಫೋನು ಒಮ್ಮೆಯಾದರೂ ರಿಂಗಾಗಲಿ ಎಂಬ ಆಸೆಯೂ ಇತ್ತು.

ರಿಂಗಾಯಿತು. ಕ್ಲಬ್ಬಿನ ಬಾಡಿಗೆ ವಿಭಾಗದಿಂದ ಎಂದ ಒಬ್ಬ. ಒಳ್ಳೆಯ ದನಿ, ತಿದ್ದಿ ತೀಡಿದಂತಹ ಮಾತು. "ಸಾರ್ ಇದಾರಾ ಮೇಡಂ?" ಎಂದು ಕೇಳಿದ. "ಹೊರಗೆ ಹೋಗಿದಾರೆ" ಎಂದೆ. ಆ ಮಾತು ಬಾಯಿಗೆ ಎಷ್ಟು ಸುಲಭವಾಗಿ ಬಂತು ನೋಡಿ. ಒಂದು ಕುಟುಂಬ ಇಡೀ ವಾರಕ್ಕೆ ಸಿದ್ಧವಿದೆ, ಮತ್ತೆ ಫೋನ್ ಮಾಡುತ್ತೇನೆ ಎಂದು ಇಟ್ಟ.

ಮರುದಿನ ನಾನು ಯಾರದೋ ಕುಪ್ಪಸದ ತೋಳು ಬಿಚ್ಚುತ್ತಾ ಕೂತಿದ್ದೆ. ಅವನೇ. "ಮೇಡಂ, ಸಾರ್ ನಿನ್ನೆ ನಮ್ಮ ಆಫೀಸಿಗೇ ಬಂದಿದ್ರು. ಎಲ್ಲಾ ಒಪ್ಪಿದಾರೆ. ಈಗೊಂದು ಓಟಿಪಿ ಬರುತ್ತೆ, ಮನೆಯವ್ರು ಹೇಳ್ತಾರೆ ಅಂದ್ರು."

ಮೋಸವೆಂದು ಆ ಕ್ಷಣವೇ ತಿಳಿಯಿತು. ತಿಳಿಯದೆ ಇರುತ್ತದೆಯೇ. ಆದರೂ ಫೋನ್ ಇಡಲಿಲ್ಲ. "ಬಂದಿದ್ರಾ? ಹೇಗಿದ್ರು?" ಎಂದು ಕೇಳಿದೆ.

"ಚೆನ್ನಾಗಿದ್ರು ಮೇಡಂ. ಕೂತು ಕಾಫಿ ಕುಡಿದ್ರು."

"ಸಕ್ಕರೆ ಹಾಕಿದ್ರಾ?"

"ಎರಡು ಚಮಚ ಹಾಕಿಸ್ಕೊಂಡ್ರು."

ಎರಡು ಚಮಚವೇ ಎಂದು ನಿಮ್ಮ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಡಾಕ್ಟರು ಅಷ್ಟು ಹೇಳಿದ್ದರೂ. ಆಮೇಲೆ ನಗು ಬಂತು. ನಗುತ್ತಾ ಕಣ್ಣೊರೆಸಿಕೊಂಡೆ. ಸುಳ್ಳಾದರೂ ಯಾರೋ ನಿಮ್ಮನ್ನು ನಿನ್ನೆ ನೋಡಿದೆ ಎನ್ನುತ್ತಿದ್ದಾನೆ. ಅಷ್ಟು ಸುಖಕ್ಕೆ ನನ್ನ ಬುದ್ಧಿ ಮಂಕಾಯಿತು. ಓಟಿಪಿ ಬಂತು. ಆರು ಅಂಕಿ. ಮೊದಲ ಮೂರನ್ನು ಹೇಳಿಯೂಬಿಟ್ಟೆ.

"ಬೇಗ ಹೇಳಿ ಮೇಡಂ, ಸಾರ್ ಅವಸರ ಮಾಡ್ತಿದಾರೆ" ಎಂದ ಅವನು.

ಅಲ್ಲಿಗೆ ಅಂಕಿ ಹೇಳುವುದನ್ನು ನಿಲ್ಲಿಸಿದೆ. ನೀವು ಅವಸರ ಮಾಡುವುದೇ? ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಬಾಗಿಲು ಗುದ್ದುತ್ತಿದ್ದರೂ, "ಕೂತ್ಕೊಳಿ, ನಾನಿದೀನಿ, ಅವಸರ ಬೇಡ" ಎಂದು ಹೊರಗಿನಿಂದ ಮಾತಾಡುತ್ತಾ ನಿಧಾನಕ್ಕೆ ಕೆಲಸ ಮಾಡುತ್ತಿದ್ದವರು. ಒಂದು ಕಟ್ಟಡದ ಕಾವಲುಗಾರ ಗಡಿಬಿಡಿಯಲ್ಲಿ ಲಿಫ್ಟಿನ ಬಾಗಿಲನ್ನು ಕೀಲಿ ಹಾಕಿ ತೆರೆದು, ಒಳಗೆ ಲಿಫ್ಟೇ ಇಲ್ಲದೆ ಕೆಳಗೆ ಬಿದ್ದು ಕಾಲು ಮುರಿದುಕೊಂಡ ಮೇಲೆ, ಆ ಬಾಗಿಲಿನ ಕೀಲಿಯನ್ನು ನೀವು ಯಾರ ಕೈಗೂ ಕೊಡುತ್ತಿರಲಿಲ್ಲ. "ಅವಸರದವನ ಕೈಗೆ ಕೀಲಿ ಕೊಡಬಾರದು ಕಣೇ" ಎನ್ನುತ್ತಿದ್ದಿರಿ. ನನ್ನ ಕೈಯಲ್ಲಿ ಉಳಿದಿದ್ದ ಮೂರು ಅಂಕಿಯೂ ಕೀಲಿಯೇ. ಫೋನ್ ಇಟ್ಟುಬಿಟ್ಟೆ.

ಅವನು ಫೋನ್ ಮಾಡಿದ್ದ ನಂಬರ್ ಬಿಟ್ಟು, ಕಾರ್ಡಿನ ಹಿಂದೆ ಅಚ್ಚಾಗಿರುವ ಕ್ಲಬ್ಬಿನ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ತೆಗೆದಳು. ಸದಸ್ಯರೇ ಮಾತಾಡಬೇಕು ಎಂದಳು. ಹೊರಗೆ ಹೋಗಿದ್ದಾರೆ ಎನ್ನಲು ಬಾಯಿ ತೆರೆದವಳು, "ಅವ್ರು ತೀರಿಕೊಂಡು ಎಂಟು ತಿಂಗಳಾಯ್ತಮ್ಮ" ಎಂದೆ. ನನ್ನ ಬಾಯಿಂದ ಆ ಮಾತು ಅಷ್ಟು ನೇರವಾಗಿ ಬಂದದ್ದು ಅದೇ ಮೊದಲು. ಜಾಹೀರಾತು, ಓಟಿಪಿ, ನಡೆದದ್ದೆಲ್ಲ ಹೇಳಿದೆ. "ನಮ್ಮಲ್ಲಿ ಬಾಡಿಗೆ ವಿಭಾಗ ಅಂತಾನೇ ಇಲ್ಲ ಅಮ್ಮಾ. ಮೊದ್ಲು ಆ ಕಾರ್ಡಿನ ಫೋಟೊ ತೆಗೀರಿ. ನಾನು ಖಾತೆಗೆ ಬೀಗ ಹಾಕ್ತೀನಿ" ಎಂದಳು. ಓಟಿಪಿ ಪೂರ್ತಿ ಹೇಳಿದ್ದರೆ ಅವನು ಒಳಹೊಕ್ಕು ಪಾಯಿಂಟ್ಸನ್ನೆಲ್ಲ ಸಾಗಿಸಿಬಿಡುತ್ತಿದ್ದನಂತೆ. ಬಾಗಿಲು ನಾನೇ ತೆರೆದಿಟ್ಟಿದ್ದೆ. ನೀವು ಇದ್ದೀರೆಂದು ಹೇಳಿಕೊಂಡೇ ಕಳ್ಳನಿಗೆ ದಾರಿ ಮಾಡಿದ್ದೆ.

ಕಾಗದಪತ್ರಗಳನ್ನು ಕೊಟ್ಟು, ಖಾತೆ ನನ್ನ ಹೆಸರಿಗೆ ಬರುವುದಕ್ಕೆ ಒಂದು ತಿಂಗಳು ಹಿಡಿಯಿತು. ಆಮೇಲೆ ಹೊಸ ಜಾಹೀರಾತು, ನನ್ನ ಹೆಸರಿನಲ್ಲಿ. ಈ ಸಲ ಬಂದವರು ಒಬ್ಬ ಬಸ್ ಕಂಡಕ್ಟರ್, ಹೆಂಡತಿಯ ಜತೆ ನನ್ನ ಹೊಲಿಗೆ ಅಂಗಡಿಗೇ ಬಂದರು. ಅವರು ನನಗಿಂತ ಹುಷಾರು. ಹಿಂದೊಮ್ಮೆ ಯಾರಿಗೋ ಮುಂಗಡ ಕಳಿಸಿ, ಪೆಟ್ಟಿಗೆ ಸಮೇತ ಹೋದರೆ ಅಲ್ಲಿ ಕೋಣೆಯೇ ಇರಲಿಲ್ಲವಂತೆ. "ತಪ್ಪು ತಿಳೀಬೇಡಿ ಅಕ್ಕ, ನೀವು ಮೋಸದವರಲ್ಲ ಅಂತ ನಾನು ಹೇಗೆ ನಂಬ್ಲಿ?" ಎಂದರು. "ನಂಬಬೇಡಿ, ವಿಚಾರಿಸಿ" ಎಂದೆ. ಪಾಸ್‌ವರ್ಡ್ ಯಾರಿಗೂ ಕೊಡದೆ ನಾನೇ ಅವರ ಹೆಸರಿಗೆ ಕೆರೆ ಕಡೆಯ ನಮ್ಮ ಅದೇ ಕೋಣೆ ಕಾದಿರಿಸಿದೆ. ತಾರೀಕು, ಬರುವವರ ಹೆಸರು, ರದ್ದಾದರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಕ್ಲಬ್ಬಿಗೆ ಅವರೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ ಬಾಡಿಗೆ ಕೊಟ್ಟರು. ಹೊರಡುವಾಗ ಅವರ ಹೆಂಡತಿ, "ನಿಮ್ಮ ಯಜಮಾನ್ರು?" ಎಂದರು. "ಇಲ್ಲಮ್ಮ. ಈಗ ನನ್ನ ಹೆಸರಲ್ಲಿದೆ" ಎಂದೆ.

ಇವತ್ತು ಬೆಳಿಗ್ಗೆ ಅವರು ಅಲ್ಲಿಂದ ಫೋನ್ ಮಾಡಿದರು. "ಕೋಣೆ ಚೆನ್ನಾಗಿದೆ ಅಕ್ಕ. ಬಾಲ್ಕನಿ ಬಾಗಿಲೊಂದು ಸಿಕ್ಕಾಪಟ್ಟೆ ಕಿರುಗುಟ್ಟುತ್ತೆ."

"ಕಪಾಟಿನ ಮೇಲೆ, ಗೋಡೆ ಪಕ್ಕ ಕೈ ಹಾಕಿ ನೋಡಿ" ಎಂದೆ. ಕುರ್ಚಿ ಎಳೆದ ಸದ್ದು ಕೇಳಿಸಿತು.

"ಸಿಕ್ತು. ಎಣ್ಣೆ ಬಾಟ್ಲಿ. ಚಿಂದಿ ಸುತ್ತಿಟ್ಟಿದಾರೆ ಯಾರೋ. ಇನ್ನೂ ಅರ್ಧ ಇದೆ."

ಆ ಚಿಂದಿ ನನ್ನ ಅಂಗಡಿಯದು. ಮುಂದಿನ ವರ್ಷಕ್ಕೆ ಎಂದು ನೀವು ಸುತ್ತಿಟ್ಟದ್ದು. ಅವರು ಎಣ್ಣೆ ಬಿಟ್ಟು ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದರು. ಸದ್ದಿರಲಿಲ್ಲ. ಸದ್ದಿಲ್ಲದ್ದನ್ನೇ ನಾನು ಫೋನಿನಲ್ಲಿ ಕೇಳುತ್ತಾ ಕೂತಿದ್ದೆ. ಇಷ್ಟು ದಿನಗಳಲ್ಲಿ ನಿಮ್ಮ ಕಡೆಯಿಂದ ಬಂದ ನಿಜವಾದ ಸುದ್ದಿ ಅದೊಂದೇ. ಬಾಟಲಿಯನ್ನು ಮತ್ತೆ ಅಲ್ಲಿಯೇ ಇಡಲು ಹೇಳಿದ್ದೇನೆ. ಮುಂದಿನ ವರ್ಷ ನಾನೇ ಹೋಗುತ್ತೇನೆ.

ನಿಮ್ಮ ಫೋನಿಗೆ ಇವತ್ತು ಚಾರ್ಜ್ ಹಾಕಿಲ್ಲ. ನೀವಿರುವ ಕಡೆ ಯಾವ ಬಾಗಿಲೂ ಕಿರುಗುಟ್ಟದಿರಲಿ. ಕಾಫಿಗೆ ಬೇಕಾದರೆ ಎರಡು ಚಮಚ ಹಾಕಿಸಿಕೊಳ್ಳಿ, ಇನ್ನು ನಾನು ಬೈಯುವುದಿಲ್ಲ.

ನಿಮ್ಮ
ಟೇಪಮ್ಮ