ಬಾಡಿಗೆ ದಂಡಿನ ಜೋಳ

ದಾಂಡೇಲಿ,
ಸೋಮವಾರ, ೧೩ ನವೆಂಬರ್ ೧೯೪೪

ಅವ್ವನ ಪಾದಕ್ಕೆ ಮೋತಿಲಾಲನ ನಮಸ್ಕಾರ.

ತಂಗಿ ಮೀರಾ ಇದನ್ನು ಓದಿ ಹೇಳುವಾಗ ತಾಂಡಾದವರೆಲ್ಲ ನಿನ್ನ ಸುತ್ತ ಕೂತಿರುತ್ತಾರೆ, ಗೊತ್ತು. ಎಲ್ಲರಿಗೂ ನನ್ನ ನೆನಪು ಹೇಳು. ನಾನು ಆರಾಮ ಇದ್ದೇನೆ. ಡಿಪೋದಲ್ಲಿ ಕೆಲಸ ಮಾತ್ರ ಹೆಚ್ಚಾಗಿದೆ. ಯುದ್ಧಕ್ಕೆಂದು ಸಾಗವಾನಿ ಹಗಲಿಡೀ ರೈಲಿಗೆ ಏರುತ್ತದೆ. ದಿಮ್ಮಿಗಳ ಮೇಲೆ ನಂಬರು ಹೊಡೆದು ಹೊಡೆದು ಸಂಜೆಗೆ ಭುಜ ಎತ್ತಲು ಬರುವುದಿಲ್ಲ.

ಗಂಗಾರಾಮನ ಸುದ್ದಿ ಕೇಳಿದ್ದೀ. ಬರ್ಮಾ ಕಡೆ ಹೇಸರಗತ್ತೆಗಳ ಮೇಲೆ ಸಿಪಾಯಿಗಳಿಗೆ ರೇಷನ್ ಸಾಗಿಸಲು ಹೋದ ತಮ್ಮ ಮಳೆಗಾಲದಿಂದ ಒಂದು ಕಾರ್ಡೂ ಬರೆದಿಲ್ಲ. ನಮ್ಮ ಡಿಪೋದ ದೊಡ್ಡ ಸಾಹೇಬರು ಹಿಂದೆ ಮಿಲಿಟರಿಯಲ್ಲಿದ್ದವರು. ಪುಣೆಯ ಕಚೇರಿಗೆ ಬರೆದು ವಿಚಾರಿಸುವೆನೆಂದು ಮಾತು ಕೊಟ್ಟಿದ್ದರು. ಆ ಆಸೆಗೇ ನಾನು ಪ್ರತಿ ರವಿವಾರ ಅವರ ಬಂಗಲೆಗೆ ಹೋಗಿ ಆಟಕ್ಕೆ ನಿಲ್ಲುತ್ತಿದ್ದುದು.

ಅದೊಂದು ವಿಚಿತ್ರ ಆಟ. ದೊಡ್ಡ ಮೇಜಿನ ಮೇಲೆ ಮಣ್ಣಿನ ಗುಡ್ಡ, ನೀಲಿ ಬಟ್ಟೆಯ ಹೊಳೆ, ಸೀಸದ ಸಿಪಾಯಿಗಳು. ಒಂದು ಕಡೆ ಸಾಹೇಬರ ರಾಜ, ಇನ್ನೊಂದು ಕಡೆ ಅವರ ಗೆಳೆಯ ಡಾಕ್ಟರರ ರಾಜ. ಸಾಹೇಬರ ರಾಜನಿಗೆ ಸ್ವಂತ ಸೈನ್ಯ ಸಾಲದೆ ಬಾಡಿಗೆಗೆ ತಂದ ಕುದುರೆ ದಂಡೊಂದಿದೆ. ಅದರ ಹೊಟ್ಟೆಯ ಚಿಂತೆ ನನ್ನ ಪಾಲಿಗೆ. ಹುಣಸೆಬೀಜವೆಂದರೆ ಎತ್ತು, ಜೋಳದ ಕಾಳೆಂದರೆ ಚೀಲ. ದಂಡು ಸರಿದಂತೆಲ್ಲ ಎತ್ತುಗಳನ್ನು ಅದರ ಹಿಂದೆ ನಡೆಸಬೇಕು. ಜೋಳ ಮುಟ್ಟದಿದ್ದರೆ ದಾಳ ಹಾಕುತ್ತಾರೆ. ದಾಳ ಕೆಟ್ಟು ಬಿದ್ದರೆ ದಂಡು ರಾಜನನ್ನು ಬಿಟ್ಟುಹೋಗುತ್ತದೆ. ನಿನ್ನ ಅಜ್ಜ ದಂಡುಗಳ ಹಿಂದೆ ಎತ್ತಿನ ಮೇಲೆ ಕಾಳು ಸಾಗಿಸುತ್ತಿದ್ದನೆಂದು ನಾನು ಹೇಳಿದಾಗಿನಿಂದ ಸಾಹೇಬರು ನನ್ನನ್ನು ಬಿಡಲೇ ಇಲ್ಲ. ದಣಿದು ಹೋದವನು ಅಲ್ಲೇ ನಿಂತು ತೂಕಡಿಸಿದ್ದೂ ಉಂಟು.

ನಿನ್ನೆ ಜೋಳ ಕಡಿಮೆ ಬಿತ್ತು. ಬಾಡಿಗೆ ದಂಡು ಹೊಳೆಯಾಚೆ ಸಿಕ್ಕಿಕೊಂಡಿತ್ತು. ಎತ್ತುಗಳನ್ನೆಲ್ಲ ರಾಜನ ಸ್ವಂತ ಸೈನ್ಯದ ಕಡೆ ತಿರುಗಿಸು ಎಂದರು ಸಾಹೇಬರು. ನಾನು ಅವನ್ನು ಹೊಳೆ ದಾಟಿಸಿ ಬಾಡಿಗೆಯವರ ಹತ್ತಿರ ಇಟ್ಟೆ.

"ಅವು ಸೀಸದ ಗೊಂಬಿ, ಮೋತಿಲಾಲ," ಎಂದು ಡಾಕ್ಟರರು ನಕ್ಕರು.

"ಆಟದಾಗರ ಉಣ್ಲಿ ಬಿಡ್ರಿ," ಅಂದೆ. "ಉಂಡವರು ಯಾಕ ಬಿಟ್ಟುಹೋಗ್ತಾರ್ರಿ?"

ಜೋಳ ಮುಟ್ಟದ ಸ್ವಂತ ಸೈನ್ಯ ಸೋತು ಸಾಹೇಬರ ಕೋಟೆ ಹೋಯಿತು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬೈಯದೆ ಒಳಗಿನಿಂದ ಕಾಗದ ತಂದು, ನಿನ್ನ ತಮ್ಮನ ನಂಬರು ಹೇಳು, ಈಗಲೇ ಪುಣೆಗೆ ಬರೆಯುತ್ತೇನೆ ಅಂದರು.

ಅವ್ವ, ನಾನು "ಬ್ಯಾಡ್ರಿ ಸಾಹೇಬ್ರ" ಅಂದುಬಿಟ್ಟೆ.

ನಿನ್ನ ತಾಯಿ ಕೇಳುವುದಿಲ್ಲವೇ ಅಂದರು.

"ಅವ್ವಗ ನಾ ಹೇಳ್ತೇನ್ರಿ."

ಅವರು ನನ್ನ ಮುಖ ನೋಡಿದರು, ಏನು ಕಂಡರೋ. ಕಾಗದ ಮಡಚಿಟ್ಟು, ಇನ್ನು ರವಿವಾರ ಬರಬೇಡ, ಮನೆಯಲ್ಲೇ ಇರು ಅಂದರು. ಸಿಟ್ಟಿನ ದನಿಯಲ್ಲ ಅದು.

ನಿನಗೆ ಸಿಟ್ಟು ಬರುತ್ತದೆ, ಬರಲಿ. ಮೇಲಿಂದ ಮೇಲೆ ಕೇಳಿದರೆ ದೊಡ್ಡವರಿಗೆ ಬೇಸರ. ಸುದ್ದಿ ಇದ್ದರೆ ತಾನಾಗಿ ಬರುತ್ತದೆ. ನೀನೂ ಮುಂಡಗೋಡದ ಪೋಸ್ಟಿಗೆ ದಿನಾ ನಡೆಯುವುದನ್ನು ಬಿಡು, ಕಾಲು ನೋಯುತ್ತದೆ.

ನಿನ್ನ ಮಗ,
ಮೋತಿಲಾಲ

ತಾ.ಕ.: ಮೀರಾ, ಈ ಬೇರೆ ಚೀಟಿ ನಿನಗೊಬ್ಬಳಿಗೆ. ಗಟ್ಟಿಯಾಗಿ ಓದಬೇಡ, ಓದಿ ಒಲೆಗೆ ಹಾಕು. ಅಂಚೆಯ ಭರವಸೆಯಿಲ್ಲದೆ ಹಳಿಯಾಳದ ಲಾರಿ ಡ್ರೈವರ್ ತಾಜುದ್ದೀನನ ಕೈಲಿ ಎರಡನ್ನೂ ಕಳಿಸಿದ್ದೇನೆ. ಗಂಗಾರಾಮ ನನ್ನ ಖೋಲಿಯಲ್ಲಿದ್ದಾನೆ. ಪುಣೆಯ ಮಿಲಿಟರಿ ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಅಳ್ನಾವರದಿಂದ ರೈಲು ಹಳಿಗುಂಟ ನಡೆದು ಮೊನ್ನೆ ಬಂದ. ಎಲುಬಷ್ಟೇ ಉಳಿದಿದೆ. ಕಾಡಿನಲ್ಲಿ ತಾನು ಸಾಗಿಸಿದ ರೇಷನ್ನಿನಲ್ಲಿ ತನಗೇ ಪಾಲಿರಲಿಲ್ಲವಂತೆ. ನಿನ್ನೆ ಸಾಹೇಬರು ಇನ್ನೊಂದು ಮಾತು ಆಡಿದ್ದರು, ಅವ್ವನ ಕಾಗದದಲ್ಲಿ ಬರೆಯಲಿಲ್ಲ: ಬಾಡಿಗೆಯವರು ಓಡಿದರೆ ಓಡಲಿ, ಆಮೇಲೆ ಹಿಡಿದು ಗುಂಡು ಹಾಕಿದರಾಯಿತು. ಅದನ್ನು ಕೇಳಿದ ಮೇಲೆಯೇ ನಾನು ಎತ್ತುಗಳನ್ನು ಹೊಳೆ ದಾಟಿಸಿದ್ದು.

ಅವನನ್ನು ಜೋಯಿಡಾದ ಕಾಡಿಗೆ ದಾಟಿಸಬೇಕು. ಪೊಲೀಸರು ತಾಂಡಾಕ್ಕೂ ಬಂದಾರು. ಅವ್ವನಿಗೆ ಏನೂ ತಿಳಿಯದಿದ್ದರೇ ಒಳ್ಳೆಯದು. ಆದರೆ ಹಾಗೆ ಬಿಡಲು ನನಗಾಗದು. ನೀರಿಗೆ ಹೋದಾಗ, ಯಾರೂ ಇಲ್ಲದ ಹೊತ್ತು ನೋಡಿ, ಅವಳ ಕಿವಿಯಲ್ಲಿ ಇಷ್ಟೇ ಹೇಳು: ಗಂಗಾರಾಮ ಹೊಟ್ಟೆತುಂಬ ಉಂಡು ಮಲಗಿದ್ದಾನೆ.