ಇಂಗ್ಲಿಷಿಗೆ ಹೂಂಗುಟ್ಟಿದ್ದು

ಕಾಗವಾಡ, ೪ ಮೇ ೧೯೮೭. ಸಂಜೆ ಆರೂವರೆ
ಇವತ್ತೂ ಒಬ್ಬಳದೇ ಊಟ. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರಲ್ಲಿ ಉಣ್ಣುವಂತಿಲ್ಲ. ಮಂಗಲಳ ತಾಟು ಬೋರಲಾಗಿದೆ. ಮೊಮ್ಮಗಳು ನನ್ನವಳು, ಕೂತಿರುವುದು ಎದುರುಮನೆ ಗಂಗೂಬಾಯಿಯ ಕಟ್ಟೆಯ ಮೇಲೆ. ಗಂಗೂ ಮಿರಜದ ದವಾಖಾನೆಯಲ್ಲಿ ಮೂವತ್ತು ವರ್ಷ ಆಯಾ. ಮೇಮ್‌ಸಾಬರ ಬಾಯಿಂದ ಇಂಗ್ಲಿಷ್ ಹೆಕ್ಕಿಕೊಂಡು ಬಂದವಳು. ಎಬಿಸಿ ಬರೆಯಲು ಬಾರದು, ಮಾತು ಫಡಫಡ. ಮಂಗಲಳ ನರ್ಸಿಂಗ್ ಇಂಟರ್‌ವ್ಯೂಗೆ ಅದೇ ಬೇಕಂತೆ. ಮಗ ಧನಪಾಲ, "ಅವ್ವ ಹೂಂ ಅಂದ್ರ ಮಿರಜಿಗೆ ಕಲಿಯಾಕ ಕಳಸ್ತೀನಿ" ಎಂದಿದ್ದಾನೆ. ಹೂಂ ಅಂತೆ, ಹೂಂ!

೯ ಮೇ
ಕಿಟಕಿಯಲ್ಲಿ ನಿಂತು ಎದುರುಕಟ್ಟೆಯ ಮಾತಿಗೆ ಕಿವಿ ಕೊಟ್ಟೆ. ಅದೇನು ಭಾಷೆಯೋ! "ವೆಲ್" ಎಂದು ಹೊರಡುವುದು, ನಡುವೆ "ಯೂ ನೋ" ಎಂದು ಉಸಿರು ತೆಗೆದುಕೊಳ್ಳುವುದು, ಅರ್ಧಕ್ಕೇ ಬಿಡುವುದು. ಕೇಳುವವಳಿಗೆ ಕೆಲಸವೇ ಇಲ್ಲ. "ಐ ಸೀ", "ರಿಯಲಿ?", "ದೆನ್?" ಅಷ್ಟೇ. ಇಷ್ಟಕ್ಕೆ ಗಂಗೂ ಬೇಕೆ?

೧೨ ಮೇ
"ನನ್ನ ಮುಂದ ಇಂಗ್ಲಿಷ್ ಮಾತಾಡ, ಮಂಗಲ" ಎಂದೆ.
"ಆಯಿ, ನಿನಗೇನ ತಿಳೀತೈತಿ?"
"ಗಂಗೂಗ ತಿಳಿಯೂದು ನನಗ ತಿಳಿಯಂಗಿಲ್ಲೇನ ಬೇ?"
ಮಾತಾಡಿದಳು. "ಐ ಸೀ" ಎಂದೆ. ನಕ್ಕು ನಕ್ಕು ಮಜ್ಜಿಗೆ ನೆತ್ತಿಗೇರಿಸಿಕೊಂಡಳು. ಎರಡು ತಾಟು, ಹೊತ್ತಿರುವಾಗಲೇ.

೨೦ ಮೇ
ದಿನಾ ನಡೆದಿದೆ. ಒಂದಕ್ಷರ ತಿಳಿಯದು. ಮುಖ ನೋಡಿ "ದೆನ್?" ಹಾಕುತ್ತೇನೆ. ಗಂಗೂ ಕಡೆ ಈಗ ಮಧ್ಯಾಹ್ನ ಹೋಗುತ್ತಾಳೆ. ಹೋಗಲಿ... ಸಂಜೆ ನನ್ನದು. ನಳದ ಹತ್ತಿರ ಗಂಗೂಗೆ ಕೇಳುವಂತೆ ಹೇಳಿದೆ, "ನಮ್ಮ ಹುಡುಗಿ ಹೇಳೂದೆಲ್ಲಾ ನನಗ ತಿಳೀತೈತಿ."
"ಹಂಗಾರ ಚಲೋ ಆತ ಬಿಡ, ರಾಜಕ್ಕ." ಸೆರಗಿನಲ್ಲಿ ನಕ್ಕಳು, ಹಡಬಿಟ್ಟಿ.

೩೦ ಮೇ
ಮಂಗಲ ಇಂಟರ್‌ವ್ಯೂ ಪಾಸಾಗಿದ್ದಾಳೆ. ಗಂಗೂ ಓಣಿಗೆಲ್ಲ ಪೇಢೆ ಹಂಚಿದಳು, ತಾನೇ ಹೆತ್ತವಳ ಹಾಗೆ. ನಾನು ಮುಟ್ಟಲಿಲ್ಲ. ಹೂಂ ಅನ್ನುವುದೂ ಇಲ್ಲ.

೬ ಜೂನ್
ನಿನ್ನೆ ಉಣ್ಣುವಾಗ ಸಣ್ಣ ದನಿಯಲ್ಲಿ ಶುರು ಮಾಡಿದಳು. "ವೆಲ್, ಆಯಿ..." ಮೂರು ಸಲ ಅರ್ಧಕ್ಕೆ ನಿಂತಳು. ಕಣ್ಣು ಒದ್ದೆ. ಯಾವುದೋ ಸಿನಿಮಾದ ಕಥೆ ಎಂದುಕೊಂಡೆ. "ರಿಯಲಿ? ದೆನ್?" ಕೊನೆಗೆ ಏನೋ ಕೇಳಿ ನನ್ನ ಮುಖವನ್ನೇ ನೋಡಿದಳು. ಬಾಯಲ್ಲಿ ತುತ್ತು. "ಯೆಸ್, ಯೆಸ್. ವೆರಿ ಗುಡ್."
ಕಾಲಿಗೆ ಬಿದ್ದಳು.
ಬೆಳಿಗ್ಗೆ ನೋಡಿದರೆ ಧನಪಾಲ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದಾನೆ. "ನೀನ ಹೂಂ ಅಂದ ಮ್ಯಾಲ ನಂದೇನೈತಿ ಅವ್ವಾ?"
ತಿಳಿಯಲಿಲ್ಲ ಎಂದು ಈಗ ಹೇಗೆ ಹೇಳಲಿ? ಗಂಗೂ ಇದ್ದಾಳಲ್ಲ, ಎದುರಿಗೇ.

೮ ಜೂನ್. ಸಂಜೆ
ಬಸ್ಸು ಹೋಯಿತು. ರೂಢಿಯ ಮೇಲೆ ಎರಡು ತಾಟು ಇಟ್ಟುಬಿಟ್ಟೆ. ಗಂಗೂ ಬಂದು ಎದುರು ಕೂತಳು, ಕರೆಯದೆ.
"ಅಳಬ್ಯಾಡ, ರಾಜಕ್ಕ. ಆಯಿನ್ನ ಹೆಂಗ ಕೇಳ್ಲಿ, ಹೆಂಗ ಬಿಟ್ಟಹೋಗ್ಲಿ ಅಂತ ವಾರಗಟ್ಟಲೆ ನನ್ನ ಮುಂದ ಅತ್ತಾಳ ಹುಡುಗಿ."
"ಇಂಗ್ಲಿಷ್‌ನ್ಯಾಗ?"
"ಹುಚ್ಚಿ! ಅಳೂದು ಇಂಗ್ಲಿಷ್‌ನ್ಯಾಗ ಎಲ್ಲಿ ಬರತೈತಿ? ಕನ್ನಡದಾಗ."
ಅವಳ ಮುಂದೆ ಅತ್ತದ್ದು ಕನ್ನಡದಲ್ಲಿ. ನನ್ನ ಮುಂದೆ ಇಂಗ್ಲಿಷಿನಲ್ಲಿ, ಅದಕ್ಕೆ ನಾನು ವೆರಿ ಗುಡ್ ಎಂದೆ.